ಅಕ್ಕ ಹುಳುಮನೆಗೆ ಹೋಗದ ದಿನಗಳು

ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ವಾರದಲ್ಲಿ ಎರಡು ಮಧ್ಯಾಹ್ನ ಲ್ಯಾಬಿನಲ್ಲಿ ಆರ್ ಎನ್ನುವ ಕಂಪ್ಯೂಟರ್ ಭಾಷೆಯ ಪ್ರಾಕ್ಟಿಕಲ್. ಅಂಕಿಅಂಶದ ಕೋಷ್ಟಕ ಕೊಟ್ಟರೆ ಅದು ಸರಾಸರಿ ತೆಗೆಯುತ್ತದೆ, ಹೋಲಿಸುತ್ತದೆ, ಚೆಂದದ ಗ್ರಾಫ್ ಎಳೆದುಕೊಡುತ್ತದೆ. ಆದರೆ ಕೊಡುವ ಮುಂಚೆ ಕೋಷ್ಟಕವನ್ನು ಅಕ್ಕಿಯಂತೆ ಆರಿಸಿ ಕೇರಿ ಇಡಬೇಕು, ಕೆಲಸದ ಮುಕ್ಕಾಲು ಪಾಲು ಅದೇ. ಇದು ತಿಂಗಳು ಕಣಪ್ಪ ಎಂದು ಬಿಡಿಸಿ ಹೇಳದಿದ್ದರೆ ಅದು ಇಂಗ್ಲಿಷ್ ಅಕ್ಷರಕ್ರಮ ಹಿಡಿದು ಏಪ್ರಿಲ್ ಪಕ್ಕದಲ್ಲಿ ಆಗಸ್ಟನ್ನು ತಂದು ಕೂರಿಸುತ್ತದೆ. ಪ್ರತಿ ವರ್ಷವೂ ಮಕ್ಕಳು ಹಾಗೆಯೇ ಪ್ರಿಂಟ್ ತಂದು ನನ್ನ ಮುಂದೆ ಹಿಡಿಯುತ್ತಾರೆ. ನಾನು ಪ್ರತಿ ವರ್ಷವೂ ಬಯ್ಯುತ್ತೇನೆ. ಗೌರಿಬಿದನೂರಿನಿಂದ ಬರುವ ಒಬ್ಬಳು ಹುಡುಗಿ ಒಮ್ಮೆ, "ಮೇಡಂ, ನೀವು ಬಯ್ಯೋದನ್ನ ಗ್ರಾಫ್ ಹಾಕಿದ್ರೆ ಗೆರೆ ಮೇಲಕ್ಕೇ ಹೋಗುತ್ತೆ" ಎಂದಿದ್ದಳು. ಅವಳಿಗೂ ಬಯ್ದೆ.

ಈ ವಿದ್ಯೆಯನ್ನು ಮನೆಯವರಿಗಾಗಿ ನಾನು ಬಳಸಿದ್ದು ಒಂದೇ ಸಲ. ಅದು ನಮ್ಮಕ್ಕನಿಗಾಗಿ.

ಅಕ್ಕನನ್ನು ಕೊಟ್ಟಿರುವುದು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ. ರೇಷ್ಮೆ ಹುಳು ಸಾಕುವ ಮನೆ. ಭಾವನಿಗೆ ಜಮೀನಿನ ಜೊತೆಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕೆಲಸ ಇದೆ, ಹಾಗಾಗಿ ಹುಳುಮನೆ ಪೂರ್ತಿ ಅಕ್ಕನ ಕೈಯಲ್ಲೇ. ಎರಡನೇ ಜ್ವರ ದಾಟಿದ ಮರಿಹುಳುಗಳನ್ನು, ಮೊಟ್ಟೆಯೊಡೆಸಿ ಸಾಕಿ ಮಾರುವ ಚಾಕಿ ಕೇಂದ್ರದಿಂದ ತರುತ್ತಾರೆ. ಹುಳು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಕಳೆದ ಮೇಲೆ ಹುಳುಗಳಿಗೆ ಒಂದು ವಾರ ರಾಕ್ಷಸ ಹಸಿವು. ಆ ವಾರ ತಿಂದ ಸೊಪ್ಪಿನ ಮೇಲೆಯೇ ಗೂಡು. ಅಕ್ಕ ಬೆಳಗಿನ ಜಾವ ಎದ್ದು ಸೊಪ್ಪು ಕೊಯ್ದು ಹೊತ್ತು ತಂದು ಹಾಕಿದರೆ ಶೆಡ್ಡಿನ ಒಳಗೆಲ್ಲ ಸಣ್ಣ ಮಳೆ ಬಿದ್ದಂತೆ ಸದ್ದು. ಅದನ್ನು ಕೇಳಿಸಲೆಂದೇ ಎಷ್ಟೋ ಸಲ ನನಗೆ ಫೋನ್ ಮಾಡಿ, ಮಾತೇ ಆಡದೆ ಹಿಡಿದುಕೊಂಡು ನಿಲ್ಲುತ್ತಿದ್ದಳು.

ಮೂರು ವರ್ಷದ ಹಿಂದೆ ಬೆಳೆಗಳು ಕೆಡತೊಡಗಿದವು. ಎಲ್ಲವೂ ಅಲ್ಲ. ಒಂದು ಚೆನ್ನಾಗಿ ಬರುತ್ತಿತ್ತು, ಇನ್ನೊಂದರಲ್ಲಿ ಹುಳುಗಳು ಚೆನ್ನಾಗಿಯೇ ಬೆಳೆದು, ಹಣ್ಣಾಗಿ ನೂಲು ಬಿಡುವ ಹೊತ್ತಿಗೆ ಮಂಕು ಬಡಿದು, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಟ್ಟರೂ ಗೂಡು ಕಟ್ಟದೆ ಅಲ್ಲಲ್ಲೇ ಬಿದ್ದು ಸಾಯುತ್ತಿದ್ದವು. ರೇಷ್ಮೆ ಇಲಾಖೆಯವರು ಬಂದು ನೋಡಿ, ಶೆಡ್ಡಿನ ಶಾಖ ತೇವ ಹೆಚ್ಚುಕಡಿಮೆ ಆಗಿರಬೇಕು, ಮೀಟರ್ ತಂದು ಇಡಿ ಎಂದರು. ಅಕ್ಕನ ಅತ್ತೆ ಮಾತ್ರ ಕಾರಣವನ್ನು ಆಗಲೇ ಹುಡುಕಿ ಆಗಿತ್ತು. ಮುಟ್ಟಾದ ಹೆಂಗಸು ಹುಳುಮನೆಯ ಹೊಸಲು ತುಳಿಯಬಾರದು ಎನ್ನುವುದು ಆ ಸೀಮೆಯಲ್ಲೆಲ್ಲ ಇರುವ ಕಟ್ಟು. ಅಕ್ಕ ಅದನ್ನು ಎಂದೂ ಮೀರಿದವಳಲ್ಲ. ನಾನು ಕೆರಳಿ ಏನಾದರೂ ಅಂದರೆ, "ಹೋಗ್ಲಿ ಬಿಡೇ, ಮೂರು ದಿನ ರೆಸ್ಟು" ಎಂದು ನಗುತ್ತಿದ್ದಳು. ಆದರೂ ಅತ್ತೆಯದು ಒಂದೇ ರಾಗ. "ಒಳಗೆ ಹೋಗಿಲ್ಲ ಅಂತಾಳೆ, ಯಾರು ಕಂಡೋರು? ಬಾಗ್ಲಲ್ಲಿ ನಿಂತಿರ್ತಾಳೆ. ನೆರಳು ಬಿದ್ದಿರ್ತದೆ."

ಅತ್ತೆ ಬರೀ ಹೀಗೆ ಅನ್ನುತ್ತಾ ಇದ್ದಿದ್ದರೆ ಅಕ್ಕ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವೇನೋ. ಆದರೆ ಇನ್ನೂ ಒಂದು ಬೆಳೆ ಹೋದಾಗ, ಶೆಡ್ಡು ತೋಟ ಎರಡನ್ನೂ ಬೇರೆಯವರಿಗೆ ಪಾಲಿಗೆ ಕೊಟ್ಟುಬಿಡೋಣ, ಇವಳ ಕೈಗುಣ ಸರಿಯಿಲ್ಲ ಎಂಬ ಮಾತು ಮನೆಯಲ್ಲಿ ಎದ್ದಿತು. ಭಾವ ಬೇಡ ಎನ್ನಲಿಲ್ಲ, ನೋಡೋಣ ಎಂದರು. ಅಂದು ಅಕ್ಕ ನನಗೆ ಫೋನ್ ಮಾಡಿ ಅತ್ತಳು. ಅವಳು ಅಳುವುದು ಅಪರೂಪ. ಓದನ್ನು ಪಿಯುಸಿಗೆ ಬಿಡಿಸಿದಾಗಲೂ ಅತ್ತವಳಲ್ಲ.

"ನೀನು ಅದೇನೋ ಗ್ರಾಫ್ ಹಾಕ್ತೀಯಲ್ಲ, ನಂಗೊಂದು ಹಾಕ್ಕೊಡೇ. ಹುಳುಮನೆ ಬಿಟ್ರೆ ನಂದು ಅನ್ನೋದು ಏನಿದೆ ಈ ಮನೇಲಿ?"

ನಾನು ಹೂಂ ಎಂದೆ. ದಿನಾ ಸಂಜೆ ಅವಳು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಬೇಕು, ಶೆಡ್ಡಿನ ಮೀಟರಿನಲ್ಲಿ ಶಾಖ ಎಷ್ಟು, ತೇವ ಎಷ್ಟು, ಸೊಪ್ಪು ಯಾವ ತೋಟದ್ದು, ಹುಳು ಹೇಗಿವೆ ಎಂದು. ನಾನು ಅದನ್ನು ಕೋಷ್ಟಕಕ್ಕೆ ಏರಿಸಬೇಕು. ಹೀಗೆ ಒಂದು ವರ್ಷ ನಡೆಯಿತು. ಅಕ್ಕನ ಸಂದೇಶಗಳೋ, ದೇವರೇ ಗತಿ. ಶಾಖದ ನಡುವೆ ಪಕ್ಕದ ಮನೆಯ ಸೀಮಂತ ಬರುತ್ತಿತ್ತು, ತೇವದ ಜೊತೆ ಸಾರಿಗೆ ಉಪ್ಪು ಹೆಚ್ಚಾದದ್ದು ಬರುತ್ತಿತ್ತು. ಒಮ್ಮೆ ಇಪ್ಪತ್ತಾರು ಎನ್ನುವಳು, ಒಮ್ಮೆ "ನಿನ್ನೆ ಇದ್ದಷ್ಟೇ" ಎನ್ನುವಳು. ಅದನ್ನೆಲ್ಲ ಸಂಖ್ಯೆ ಮಾಡಿ, ತಾರೀಖು ಸರಿಪಡಿಸಿ, ಎರಡು ಸಲ ಬಂದ ಸಾಲುಗಳನ್ನು ತೆಗೆದು, ಬೆಳೆ ಬೆಳೆಯಾಗಿ ವಿಂಗಡಿಸುವಷ್ಟರಲ್ಲಿ ನನ್ನ ತಲೆ ಚಿಟ್ಟುಹಿಡಿಯುತ್ತಿತ್ತು. ಹಳೆಯ ಬೆಳೆಗಳ ಕಥೆಯನ್ನು ಅಕ್ಕ ನೆನಪಿನಿಂದ ಹೇಳುತ್ತೇನೆಂದಳು, ನಾನು ಬೇಡವೆಂದೆ. ನೆನಪು ಬೇಕಾದ ಕಡೆಗೆ ವಾಲುತ್ತದೆ ಎಂದು ತರಗತಿಯಲ್ಲಿ ಹೇಳುವುದನ್ನೇ ಅವಳಿಗೂ ಹೇಳಿದೆ.

ವರ್ಷ ತುಂಬಿದ ಮೇಲೆ ಮೊದಲ ಗ್ರಾಫ್ ಹಾಕಿದೆ. ಪ್ರತಿ ಬೆಳೆಗೂ ಒಂದು ಗೆರೆ, ದಿನದಿಂದ ದಿನಕ್ಕೆ ಶಾಖ. ಚೆನ್ನಾಗಿ ಬಂದ ಬೆಳೆಗೆ ಒಂದು ಬಣ್ಣ, ಕೆಟ್ಟದ್ದಕ್ಕೆ ಇನ್ನೊಂದು. ಎರಡೂ ಬಣ್ಣದ ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡು ಬಿದ್ದಿದ್ದವು. ತೇವದ್ದೂ ಹಾಗೆಯೇ. ಶಾಖದ ತಪ್ಪಲ್ಲ ಎಂದಷ್ಟೇ ತಿಳಿಯಿತು. ಮನೆಯವರ ಮುಂದೆ ಅದನ್ನು ಹಿಡಿದುಕೊಂಡು ಹೋದರೆ, ಹಾಗಾದರೆ ನಾವು ಹೇಳಿದ್ದೇ ಸರಿ ಎನ್ನುತ್ತಾರೆ. ನನಗೆ ರೇಗಿಹೋಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಕೆಲವು ದಿನ ಬಿಟ್ಟು ಮತ್ತೆ ಅದನ್ನು ತೆರೆದು ಸುಮ್ಮನೆ ನೋಡುತ್ತಾ ಕೂತಾಗ ಕಣ್ಣಿಗೆ ಬಿತ್ತು. ಗೆರೆಯ ಮೇಲಿನ ಚುಕ್ಕಿಗಳು ಬೆಳೆಯ ದಿನಗಳಿಗಿಂತ ಕಡಿಮೆ ಇವೆ. ಅಕ್ಕ ಸಂದೇಶ ಕಳಿಸದ ದಿನಕ್ಕೆ ನನ್ನ ಕೋಷ್ಟಕದಲ್ಲಿ ಸಾಲೇ ಇರಲಿಲ್ಲ, ಕಂಪ್ಯೂಟರ್ ಅಲ್ಲಿ ನಿಲ್ಲದೆ ಹಿಂದಿನ ಚುಕ್ಕಿಯಿಂದ ಮುಂದಿನ ಚುಕ್ಕಿಗೆ ನೇರ ಗೆರೆ ಎಳೆದುಬಿಟ್ಟಿತ್ತು. ಎಲ್ಲ ತಾರೀಖುಗಳೂ ಇರುವ ಹೊಸ ಪಟ್ಟಿ ಮಾಡಿ, ಅಕ್ಕನ ಕೋಷ್ಟಕವನ್ನು ಅದಕ್ಕೆ ಜೋಡಿಸಿದೆ. ಈಗ ಗೆರೆಗಳು ಅಲ್ಲಲ್ಲಿ ಕಡಿದುಕೊಂಡವು. ಎರಡು ಮೂರು ದಿನದ ಖಾಲಿ. ಕೆಟ್ಟ ಬೆಳೆಗಳಲ್ಲೆಲ್ಲ ಆ ಖಾಲಿ ನಾಲ್ಕನೇ ಜ್ವರದ ಆಚೆಗೇ ಬಿದ್ದಿತ್ತು. ಅದು ಯಾವ ದಿನಗಳು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಫೋನ್ ಮಾಡಿ ಕೇಳಿದೆ.

"ಹೂಂ ಕಣೇ, ಆ ದಿನ ನಾನು ಒಳಗೇ ಹೋಗಲ್ವಲ್ಲ, ಮೀಟ್ರು ಯಾರು ನೋಡ್ತಾರೆ?"

"ಆವಾಗ ಹುಳಕ್ಕೆ ಸೊಪ್ಪು ಹಾಕೋರು ಯಾರು?"

"ಅತ್ತೆ."

"ಯಾವ ತೋಟದ್ದು?"

"ಮನೆ ಪಕ್ಕದ್ದೇ. ಅವರಿಗೆ ಮಂಡಿನೋವಲ್ವಾ, ಕೆರೆ ಏರಿ ದಾಟಿ ಹಿಂದಿನ ತೋಟದವರೆಗೂ ಹೋಗಕ್ಕಾಗಲ್ಲ. ಇವರಿಗೆ ಆಫೀಸು."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮನೆ ಪಕ್ಕದ ಆ ಪಟ್ಟಿಗೆ ಅಂಟಿಕೊಂಡೇ ದಾಯಾದಿಗಳ ದ್ರಾಕ್ಷಿ ತೋಟ ಇದೆ. ಬೆಳೆಗಳು ಕೆಡಲು ಶುರುವಾದ ವರ್ಷವೇ ಹಾಕಿದ್ದು. ವಾರಕ್ಕೊಮ್ಮೆಯಾದರೂ ಔಷಧಿ ಹೊಡೆಯುತ್ತಾರೆ, ಗಾಳಿ ಈ ಕಡೆಗೇ ಬೀಸುತ್ತದೆ. ಅಕ್ಕ ಆ ವಾಸನೆಗೇ ಅಲ್ಲಿಯ ಸೊಪ್ಪು ಮುಟ್ಟುತ್ತಿರಲಿಲ್ಲ. ಅವಳು ಹೊರಗಾದ ದಿನಗಳು ಮೊದಮೊದಲಿಗೆ ಬಿದ್ದರೆ ಹುಳು ತಿನ್ನುವುದೇ ಕಡಿಮೆ, ಹೇಗೋ ದಾಟಿಕೊಳ್ಳುತ್ತಿದ್ದವು. ಹಸಿವಿನ ವಾರದಲ್ಲಿ ಬಿದ್ದರೆ ಹೊಟ್ಟೆ ತುಂಬ ಅದೇ ಸೊಪ್ಪು.

ಅಂದು ನನಗಾದ ಸಂತೋಷ ಹೇಳತೀರದು. ಅಕ್ಕನೂ ನಕ್ಕಳು. "ಅಯ್ಯೋ ಶಿವನೇ, ಅವರೇ ಕೈಯಾರ ವಿಷ ಹಾಕಿ ನನ್ನ ತಲೆಗೆ ಕಟ್ತಾ ಇದಾರಲ್ಲೇ" ಎಂದಳು.

ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಬಸ್ಸು ಹತ್ತಿದೆ. ಗ್ರಾಫನ್ನು ಎರಡು ಭಾಗ ಮಾಡಿದ್ದೆ. ಮೇಲೆ ಪ್ರತಿ ಬೆಳೆಗೊಂದು ಸಾಲು, ದಿನಕ್ಕೊಂದು ಚುಕ್ಕಿ, ಅಕ್ಕ ಒಳಗಿದ್ದರೆ ಬೂದು, ಹೊರಗಿದ್ದರೆ ಕೆಂಪು. ಕೆಳಗೆ ಅದೇ ಸಾಲುಗಳು, ಹಿಂದಿನ ತೋಟದ ಸೊಪ್ಪಾದರೆ ಹಸಿರು, ದ್ರಾಕ್ಷಿ ಪಕ್ಕದ್ದಾದರೆ ಹಳದಿ. ಅಕ್ಕನ ದಿನಗಳನ್ನು ಹಾಕದೆ ಬರೀ ಸೊಪ್ಪಿನದ್ದು ತೋರಿಸಬಹುದಿತ್ತು. ಹಾಕು ಎಂದವಳು ಅಕ್ಕನೇ. "ಮುಚ್ಚಿಟ್ರೆ ಮುಚ್ಚಿಟ್ಲು ಅಂತಾರೆ. ಎರಡೂ ತೋರ್ಸು."

ಜಗಲಿಯ ಮೇಲೆ ಅತ್ತೆ, ಭಾವ, ಅಕ್ಕ ಕೂತರು. ನಾನು ತರಗತಿಯಲ್ಲಿ ಹೇಳುವಂತೆ ಬೆರಳಿಟ್ಟು ಮೊದಲಿಂದ ಹೇಳಿಕೊಂಡು ಬಂದೆ. ಅತ್ತೆ ಕನ್ನಡಕ ಏರಿಸಿಕೊಂಡು ಮೇಲಿನ ಭಾಗವನ್ನೇ ನೋಡುತ್ತಿದ್ದರು.

"ಈ ಕೆಂಪು ಏನಮ್ಮಾ?"

"ಅಕ್ಕ ಹೊರಗಿದ್ದ ದಿನ, ಅತ್ತೆ."

"ಇವು ಹೋದ ಬೆಳೆಗಳಾ?"

"ಹೌದು, ಆದ್ರೆ ಕೆಳಗೆ ನೋಡಿ, ಅವತ್ತೇ ಸೊಪ್ಪು..."

ಅವರು ಕೆಳಗೆ ನೋಡಲಿಲ್ಲ. ಮಗನ ಕಡೆ ತಿರುಗಿ ಮನೆಮಾತು ತೆಲುಗಿನಲ್ಲಿ, "ಚೂಶಾವಾ, ಕಂಪ್ಯೂಟರೂ ಅದೇ ಚೆಪ್ತಾ ಉಂದಿ" ಎಂದರು. ನೋಡಿದೆಯಾ, ಕಂಪ್ಯೂಟರೂ ಅದನ್ನೇ ಹೇಳುತ್ತಿದೆ ಎಂದು. ಸಿಟ್ಟಿನಿಂದಲ್ಲ. ಇಷ್ಟು ದಿನ ತಾನು ಹೇಳಿದ್ದಕ್ಕೆ ಓದಿದವರ ಕಡೆಯಿಂದಲೂ ಸಾಕ್ಷಿ ಸಿಕ್ಕಿತು ಎಂಬ ನೆಮ್ಮದಿಯಿಂದ. ಲ್ಯಾಪ್‌ಟಾಪ್ ಅವರ ಮಡಿಲಿಗೇ ಇಟ್ಟು ಕೆಳಗಿನ ಭಾಗ ತೋರಿಸಿದೆ. ದನಿ ಏರಿತ್ತೆಂದು ಕಾಣುತ್ತದೆ, ಅಕ್ಕ ನನ್ನ ಮೊಣಕೈ ಹಿಡಿದು ಅದುಮಿದಳು.

ಭಾವ ಮಾತ್ರ ಪೂರ್ತಿ ನೋಡಿದರು, ಅರ್ಥವನ್ನೂ ಮಾಡಿಕೊಂಡರು. "ಆದ್ರೆ ಒಂದ್ ಮಾತಮ್ಮ," ಎಂದರು, "ಕೆಂಪು ಇದ್ದಲ್ಲೆಲ್ಲ ಹಳದಿ ಇದೆ, ಹಳದಿ ಇದ್ದಲ್ಲೆಲ್ಲ ಕೆಂಪು ಇದೆ. ಯಾವುದರಿಂದ ಹೋಯ್ತು ಅಂತ ಹೆಂಗ್ ಹೇಳೋದು?"

ಅದೇ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಎರಡು ಕಾರಣ ಯಾವಾಗಲೂ ಜೊತೆಯಲ್ಲೇ ಬಂದರೆ ಯಾವ ಕಂಪ್ಯೂಟರೂ ಅವನ್ನು ಬಿಡಿಸಿ ಕೊಡಲಾರದು. ಬಿಡಿಸಬೇಕಾದರೆ ಒಂದನ್ನು ಬಿಟ್ಟು ಇನ್ನೊಂದು ಮಾಡಿ ನೋಡಬೇಕು. ಹಾಗೆಂದೇ ಹೇಳಿದೆ. ಅಕ್ಕ ಒಳಗಿರುವ ದಿನವೇ ನಾಲ್ಕು ತಟ್ಟೆ ಹುಳುಗಳಿಗೆ ದ್ರಾಕ್ಷಿ ಪಕ್ಕದ ಸೊಪ್ಪು ಹಾಕಿ ನೋಡೋಣ ಎಂದೆ. "ಸಾಯ್ಸಿ ತೋರ್ಸೋದಾ?" ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಹುಳುವನ್ನು ಅವರು ಲಕ್ಷ್ಮಿ ಎನ್ನುತ್ತಾರೆ, ಬೇಕೆಂದು ಕೊಲ್ಲುವ ಮಾತನ್ನು ಆ ಜಗಲಿಯ ಮೇಲೆ ಆಡಿದ್ದೇ ತಪ್ಪು. ಕೊನೆಗೆ ಭಾವ ಒಂದು ದಾರಿ ಮಾಡಿದರು. ಇನ್ನು ಮುಂದೆ ಅಕ್ಕ ಹೊರಗಾದರೆ ಆಳು ಕರೆದಾದರೂ ಹಿಂದಿನ ತೋಟದ್ದೇ ತರಿಸೋಣ, ಪಕ್ಕದ ಸೊಪ್ಪು ಪೂರ್ತಿ ಬಿಟ್ಟುಬಿಡೋಣ, ಇನ್ನೊಂದು ಬೆಳೆ ನೋಡಿ ಪಾಲಿಗೆ ಕೊಡುವ ಮಾತಾಡೋಣ ಎಂದರು. ದ್ರಾಕ್ಷಿಯವರ ಹತ್ತಿರ ಔಷಧಿಯ ಮಾತೆತ್ತುವುದಿಲ್ಲ ಎಂದೂ ಹೇಳಿದರು. ದಾಯಾದಿಗಳು, ಮಾತು ಬೆಳೆಯುತ್ತದೆ. ನನಗೆ ಅಷ್ಟೇ ಸಾಕಾಗಿತ್ತು. ಅಕ್ಕನ ದಿನಗಳು ಹಸಿವಿನ ವಾರದಲ್ಲಿ ಬಿದ್ದು, ಸೊಪ್ಪು ಹಿಂದಿನ ತೋಟದ್ದಾಗಿ, ಬೆಳೆ ಚೆನ್ನಾಗಿ ಬಂದುಬಿಟ್ಟರೆ, ಒಂದೇ ಒಂದು ಬೆಳೆ ಹಾಗೆ ಬಂದರೆ, ಅಕ್ಕ ಗೆದ್ದಳು.

ಮುಂದಿನ ಬೆಳೆಯಲ್ಲಿ ಅವಳ ದಿನಗಳು ಹುಳು ತರುವ ಮುಂಚೆಯೇ ಮುಗಿದುಹೋಗಿದ್ದವು. ಬೆಳೆ ಚೆನ್ನಾಗಿ ಬಂತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಅದರ ಮುಂದಿನದಕ್ಕೆ ನಾನು ಲೆಕ್ಕ ಹಾಕಿದೆ. ಸರಿಯಾಗಿ ನಾಲ್ಕನೇ ಜ್ವರ ಎದ್ದ ಮೇಲೆ ಬೀಳುತ್ತದೆ. ಅಕ್ಕನಿಗೆ ಹೇಳಿದೆ, "ಈ ಸಲ ಗೊತ್ತಾಗಿಬಿಡುತ್ತೆ ನೋಡು." ಅವಳು "ಹೂಂ" ಎಂದಳು. ಆ ಹೂಂ ನನಗೆ ಯಾಕೋ ಹಿಡಿಸಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಶುರುವಾಗಿತ್ತು, ಮತ್ತೆ ಕೇಳಲಿಲ್ಲ.

ಆ ಹುಳು ತರುವ ಮುಂಚೆಯೇ ಅಕ್ಕ ಚಿಂತಾಮಣಿಯ ಒಂದು ನರ್ಸಿಂಗ್ ಹೋಮಿಗೆ ಹೋಗಿ ಗರ್ಭಕೋಶ ತೆಗೆಸಿಕೊಂಡು ಬಂದಳು. ನನಗೆ ತಿಳಿಸಿದ್ದು ಭಾವ, ಎಲ್ಲ ಮುಗಿದ ಮೇಲೆ. ಹೊಟ್ಟೆನೋವು ಇತ್ತಂತೆ, ಡಾಕ್ಟರು ತೆಗೆಸೋದೇ ಒಳ್ಳೇದು ಅಂದರಂತೆ, ಹೇಗೂ ಮಕ್ಕಳಾಗಿವೆಯಲ್ಲ ಅಂದರಂತೆ. ಅಕ್ಕನಿಗೆ ಆಗ ನಲವತ್ತೂ ಆಗಿರಲಿಲ್ಲ.

ನಾನು ಹೋದಾಗ ನಡುಮನೆಯಲ್ಲಿ ಮಲಗಿದ್ದಳು. ಮುಖ ಬಿಳಿಚಿಕೊಂಡಿತ್ತು. ಬಾಗಿಲಿಂದಲೇ ಬಯ್ಯಲು ಶುರು ಮಾಡಿದೆ. ನಿನಗೆ ಬುದ್ಧಿ ಇಲ್ಲವಾ, ಸೊಪ್ಪಿನಿಂದ ಅಂತ ಅಷ್ಟು ಹೇಳಿದ್ದೆನಲ್ಲ, ಇನ್ನೊಂದೇ ಬೆಳೆ ಕಾಯಬಾರದಿತ್ತಾ ಎಂದು. ನಾನು ಮುಗಿಸಿದ ಮೇಲೆ ಅವಳು ಹೇಳಿದಳು.

"ಸೊಪ್ಪೇ ಅಂತ ನಂಗೆ ನಿನಗಿಂತ ಮುಂಚೆ ಗೊತ್ತು ಕಣೇ. ನಿನ್ನ ಗ್ರಾಫೂ ಅರ್ಥ ಆಯ್ತು. ಈ ಸಲ ಬೆಳೆ ಚೆನ್ನಾಗಿ ಬಂದಿದ್ರೆ? ಸರಿ, ಸುಮ್ನಾಗೋರು. ಆಮೇಲೆ ಯಾವತ್ತೋ ಒಂದು ಹೋಗಿದ್ರೆ? ಬಿಸ್ಲಿಗೋ ರೋಗಕ್ಕೋ, ಯಾವ್ದಕ್ಕೋ ಒಂದಕ್ಕೆ ಹೋಗೇ ಹೋಗುತ್ತೆ. ಅವತ್ತು ಮತ್ತೆ ಎಲ್ರೂ ನನ್ನ ಮುಖಾನೇ ನೋಡೋರು. ನೀನು ಎಷ್ಟು ಸಲ ಬಂದು ಗ್ರಾಫ್ ಹಾಕ್ತೀಯಾ?"

ಅವಳು ಮುಂದುವರಿಸಿದಳು.

"ತಿಂಗಳು ತಿಂಗಳು ಅವರು ನನ್ನ ದಿನ ಎಣಿಸ್ತಾರಮ್ಮ. ನೀನು ಗ್ರಾಫ್ ತೋರ್ಸಿದ್ಮೇಲೆ ಇನ್ನೂ ಸರಿಯಾಗಿ ಎಣಿಸ್ತಾ ಇದ್ರು. ಸಾಕಾಯ್ತು."

ಅತ್ತೆ ನನಗೆ ಕಾಫಿ ತಂದು ಕೊಟ್ಟರು. ಅಕ್ಕನ ತಲೆ ನೇವರಿಸಿ, ಗಂಜಿ ಕುಡಿಸಿ, ದಿಂಬು ಸರಿಮಾಡಿದರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕಾಫಿ ಕುಡಿದೆ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ.

ಆಮೇಲಿನ ಬೆಳೆಗಳೆಲ್ಲ ಚೆನ್ನಾಗಿ ಬಂದವು. ಬರದೇನು, ದ್ರಾಕ್ಷಿ ಪಕ್ಕದ ಸೊಪ್ಪನ್ನು ಯಾರೂ ಮುಟ್ಟುತ್ತಿಲ್ಲ. ಆದರೆ ಅದನ್ನು ಬಿಟ್ಟದ್ದೂ ಅಕ್ಕನ ಆಪರೇಷನ್ನೂ ಹೆಚ್ಚುಕಡಿಮೆ ಒಟ್ಟಿಗೇ ಆಗಿಹೋದವು. ಕೋಷ್ಟಕದಲ್ಲಿ ಎರಡೂ ಒಂದೇ ಕಡೆ ಬದಲಾಗಿವೆ, ಇನ್ನು ಎಂದಿಗೂ ಅವನ್ನು ಬಿಡಿಸಿ ನೋಡಲು ಬರುವುದಿಲ್ಲ. ಅಕ್ಕ ಈಗ ದಿನಾ ಹುಳುಮನೆಗೆ ಹೋಗುತ್ತಾಳೆ. ಪಾಲಿಗೆ ಕೊಡುವ ಮಾತನ್ನು ಯಾರೂ ಎತ್ತುವುದಿಲ್ಲ. ಸೊಂಟನೋವಿನಿಂದ ಸೊಪ್ಪಿನ ಹೊರೆ ಹೊರಲು ಆಗುವುದಿಲ್ಲ, ಆಳು ತಂದು ಹಾಕುತ್ತಾನೆ, ಇವಳು ನಿಂತು ನೋಡಿಕೊಳ್ಳುತ್ತಾಳೆ.

ಹೋದ ತಿಂಗಳು ಗೂಡು ಬಿಡಿಸುವ ದಿನ ನಾನು ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ಎಲ್ಲರೂ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ಕೂತಿದ್ದರು. ಅತ್ತೆ ಒಂದು ಹಿಡಿ ಗೂಡನ್ನು ನನ್ನ ಕಿವಿಯ ಹತ್ತಿರ ಕುಲುಕಿ, "ನೋಡಮ್ಮಾ ಹೆಂಗೈತೆ" ಎಂದು ಬೀಗಿದರು. ಬೀದಿಯ ಕೊನೆಯ ಮನೆಯ ಸೊಸೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಮ್ಮ ಪಕ್ಕ ಕೂತಳು. ನನ್ನ ವಿದ್ಯಾರ್ಥಿನಿಯರಿಗಿಂತ ಸ್ವಲ್ಪ ದೊಡ್ಡವಳಿರಬಹುದು, ಅಷ್ಟೇ. ಅವರ ಮನೆಯಲ್ಲೂ ಹುಳು ಸಾಕುತ್ತಾರೆ. ಹಿಂದಿನ ಬೆಳೆ ಹೋಯಿತಂತೆ.

"ಅಕ್ಕಾ, ಅದು ಹೆಂಗುಸ್ರಿಂದಾನೇ ಹೋಗೋದು ಅಂತ ನೀವು ಕಂಪ್ಯೂಟರಲ್ಲಿ ಹಾಕಿ ತೋರ್ಸಿದ್ರಂತಲ್ಲ?" ಎಂದು ನನ್ನನ್ನೇ ಕೇಳಿದಳು.

ಇಲ್ಲ ಎಂದೆ. ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಇಲ್ಲ ಎಂದೆ. ಸೊಪ್ಪಿನ ಕಥೆಯನ್ನು ಮೊದಲಿಂದ ಹೇಳಿದೆ. ನಿಮ್ಮ ತೋಟದ ಪಕ್ಕ ಯಾರದ್ದಿದೆ, ಏನು ಹೊಡೆಯುತ್ತಾರೆ, ನೀನು ಹೊರಗಿದ್ದಾಗ ಸೊಪ್ಪು ಕೊಯ್ಯುವವರು ಯಾರು ಎಂದು ಒಂದೊಂದಾಗಿ ಕೇಳಿದೆ. ಬೇಕಾದರೆ ಈಗಲೇ ನಿಮ್ಮ ಮನೆಗೆ ಬರುತ್ತೇನೆ ಎಂದೆ. ಅವಳು ಮಗುವಿನ ಮೂಗು ಒರೆಸುತ್ತಾ, ತಲೆಯಾಡಿಸುತ್ತಾ, ಮರ್ಯಾದೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಅಕ್ಕನ ಕಡೆಗೆ ಸರಿದು ದನಿ ತಗ್ಗಿಸಿ ಕೇಳಿದಳು.

"ಚಿಂತಾಮಣಿ ನರ್ಸಿಂಗ್ ಹೋಮಲ್ಲಿ ಎಷ್ಟು ದಿನ ಇಟ್ಕೊಂತಾರೆ ಅಕ್ಕಾ? ಮಗೂನ ಜೊತೇಲಿ ಕರ್ಕೊಂಡು ಹೋಗಬಹುದಾ?"